ಬರ್ಕಾದಿಂದ ಬಂದ ಮೀನುಗೊಬ್ಬರ

ಅಕ್ಟೋಬರ್ ಹತ್ತಿರವಾಯಿತೆಂದರೆ ನನ್ನ ಬಲಗೈಯ ತೋರುಬೆರಳು ನನ್ನ ಮಾತು ಕೇಳುವುದಿಲ್ಲ. ಬೆಳಿಗ್ಗೆ ಎದ್ದು ನಲ್ಲಿ ತಿರುಗಿಸಿದರೆ, ಮುಖ ತೊಳೆಯುವ ಮೊದಲು ಅದು ತಾನಾಗಿ ಮುಂದೆ ಹೋಗಿ ನೀರನ್ನು ಮುಟ್ಟಿ ನೋಡುತ್ತದೆ. ಮಂಗಳೂರಿನ ನಮ್ಮ ಫ್ಲ್ಯಾಟಿನ ನಲ್ಲಿ ನೀರಿನಲ್ಲಿ ಮುಟ್ಟಿ ನೋಡುವಂಥ ವಿಶೇಷವೇನೂ ಇಲ್ಲ. ಬಂದರೆ, ವರ್ಷವಿಡೀ ಒಂದೇ ಹದದಲ್ಲಿ ಬರುತ್ತದೆ. ಆದರೂ ಬೆರಳು ಹೋಗುತ್ತದೆ. ಮನೆಗೆಲಸಕ್ಕೆ ಬರುವಾಕೆ ಒಮ್ಮೆ ಇದನ್ನು ನೋಡಿ, ನೀರಲ್ಲಿ ಕರೆಂಟು ಬರ್ತದಾ ಅಮ್ಮಾ ಎಂದು ದೂರದಲ್ಲೇ ನಿಂತು ಕೇಳಿದಳು. ಇಲ್ಲ, ಗೊಬ್ಬರ ಹಾಕುವ ಹೊತ್ತಾಯಿತಾ ಎಂದು ನೋಡುತ್ತಿದ್ದೇನೆ ಎಂದೆ. ಅವಳು ಮತ್ತೇನೂ ಕೇಳದೆ ಕಸಬರಿಕೆ ಎತ್ತಿಕೊಂಡು ಹಾಲಿಗೆ ಹೋದಳು. ವಯಸ್ಸಾದವರ ಜೊತೆ ಹೆಚ್ಚು ಮಾತು ಬೆಳೆಸಬಾರದೆಂಬ ತಿಳಿವಳಿಕೆ ಅವಳಿಗಿದೆ.

ಮಸ್ಕತ್ತಿನಲ್ಲಿ ಸಂಸಾರ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಅಲ್ಲಿ ನೀರಿನ ಟ್ಯಾಂಕು ತಾರಸಿಯ ಮೇಲೆ ಬಿಸಿಲಿಗೆ ಮೈಯೊಡ್ಡಿಕೊಂಡು ನಿಂತಿರುತ್ತದೆ. ಮೇ ತಿಂಗಳು ಬಂತೆಂದರೆ ತಣ್ಣೀರಿನ ನಲ್ಲಿಯಲ್ಲಿ ಚಹಾ ಮಾಡುವಷ್ಟು ಬಿಸಿಯಾದ ನೀರು ಬರುತ್ತದೆ. ಆಗ ನಾವು ಗೀಸರಿನ ಸ್ವಿಚ್ಚು ಆರಿಸಿ, ಅದರೊಳಗೆ ನೀರು ತುಂಬಿಸಿಟ್ಟು, ಅದನ್ನೇ ತಣ್ಣೀರೆಂದು ಸ್ನಾನ ಮಾಡುತ್ತಿದ್ದೆವು. ಚಳಿಗಾಲಕ್ಕೆ ಬಿಸಿನೀರು, ಬೇಸಿಗೆಗೆ ತಣ್ಣೀರು, ಎರಡನ್ನೂ ಕೊಡುವ ಗೀಸರು ಜಗತ್ತಿನಲ್ಲಿ ಗಲ್ಫಿನಲ್ಲಿ ಮಾತ್ರ ಇರಬೇಕು. ಶರದೃತು ಬಂತು ಎಂದು ಎಲೆ ಉದುರಿಸಿ ಹೇಳುವ ಮರಗಳು ಆ ಊರಿನಲ್ಲಿ ಇರಲಿಲ್ಲ. ಹಾಗೆ ನೋಡಿದರೆ ನಮ್ಮ ಕರಾವಳಿಯಲ್ಲೂ ಇಲ್ಲ. ನಮ್ಮಲ್ಲಿ ಮಳೆ ಬಿಡುತ್ತದೆ, ಅಷ್ಟೆ. ಮಸ್ಕತ್ತಿನಲ್ಲಿ ಒಂದು ಬೆಳಿಗ್ಗೆ ನಲ್ಲಿಯ ನೀರು ಬೆರಳನ್ನು ಸುಡದೆ ಬಿಡುತ್ತಿತ್ತು. ಆ ದಿನ ನಾವು ಊರಿನವರೆಲ್ಲ ಒಬ್ಬರಿಗೊಬ್ಬರು ಫೋನು ಮಾಡಿ, ನಿಮ್ಮ ನಲ್ಲಿ ತಣ್ಣಗಾಯಿತಾ ಎಂದು ವಿಚಾರಿಸಿಕೊಳ್ಳುತ್ತಿದ್ದೆವು. ಗಿಡಗಳಿಗೆ ಗೊಬ್ಬರ ಹಾಕುವ ಯೋಚನೆ ಮಾಡಬಹುದಾದದ್ದು ಅದರ ನಂತರವೇ.

ನಾವಿದ್ದದ್ದು ವಾದಿ ಅದಾಯ್‌ನಲ್ಲಿ, ಬೋಳುಗುಡ್ಡದ ಕೆಳಗೆ, ಖಲ್ಫಾನ್ ಎಂಬ ಹಿರಿಯರ ಮನೆಯ ಹಿಂಭಾಗದಲ್ಲಿ. ಎಂಬತ್ತರ ದಶಕದ ಮಾತು. ಆಚೆ ಬದಿಯಲ್ಲಿ ಕಾರು ರಿಪೇರಿಯ ಗ್ಯಾರೇಜುಗಳ ಸಾಲು. ಮನೆಯೆದುರಿಗೆ ಸ್ವಲ್ಪ ಜಾಗವಿತ್ತು. ನನಗೆ ಅದರಲ್ಲಿ ಬಸಳೆ, ಹರಿವೆ, ಬೆಂಡೆ ಬೆಳೆಸುವ ಆಸೆ. ಇವರಿಗೆ, ಅಂದರೆ ನನ್ನ ಯಜಮಾನರಿಗೆ, ಲಾನ್ ಬೇಕು. ಆಫೀಸಿನ ಮ್ಯಾನೇಜರ ಮನೆಯಲ್ಲಿ ಒಮ್ಮೆ ಲಾನಿನ ಮೇಲೆ ಕುರ್ಚಿ ಹಾಕಿ ಕೂರಿಸಿ ಜ್ಯೂಸು ಕೊಟ್ಟಿದ್ದರು. ಅಂದಿನಿಂದ ಹಿಡಿದ ಹುಚ್ಚು. ಗದ್ದೆ ಬದುವಿನ ಹುಲ್ಲನ್ನು ಕಿತ್ತು ಕಿತ್ತು ದೊಡ್ಡವರಾದ ನಾವು ಈಗ ಹುಲ್ಲು ನೆಡುವುದಾ ಎಂದು ನಾನು ನಕ್ಕೆ. ಹುಲ್ಲು ಬೇರೆ, ಲಾನ್ ಬೇರೆ ಎಂದು ಇವರು ಗಂಭೀರವಾಗಿ ಹೇಳಿದರು. ಕೊನೆಗೆ ಅರ್ಧ ಬಸಳೆ, ಅರ್ಧ ಲಾನ್ ಎಂದು ರಾಜಿಯಾಯಿತು. ಲಾನ್ ಹಾಕಿದ ಮೊದಲ ವರ್ಷ ಯಾರೋ ಯೂರಿಯಾ ಕೊಟ್ಟರೆಂದು ಇವರು ಮಟಮಟ ಮಧ್ಯಾಹ್ನ ಕೈತುಂಬ ಎರಚಿ, ನೀರು ಬಿಡಲು ಮರೆತರು. ಅತಿಯಾದರೆ ಅಮೃತವೂ ವಿಷ ಅನ್ನುತ್ತಾರಲ್ಲ, ಎರಡೇ ದಿನದಲ್ಲಿ ಹುಲ್ಲು ಸುಟ್ಟು ಹೋಯಿತು. ಸುಟ್ಟ ಜಾಗವನ್ನು ನೋಡುತ್ತ ಇವರು ಸಂಜೆಯೆಲ್ಲ ಹೊರಗೆ ನಿಂತಿದ್ದರು. ನಾನು ಆಗ ನಗಲಿಲ್ಲ.

ಖಲ್ಫಾನರು ಬಂದು ನೋಡಿದರು. ಅವರಿಗೆ ಕಡಲದಂಡೆಯ ಊರಾದ ಬರ್ಕಾದಲ್ಲಿ ಖರ್ಜೂರದ ತೋಟವಿತ್ತು. ಇದೆಲ್ಲ ಕಾಗದದ ಚೀಲದ ಯೂರಿಯಾದ ಕೆಲಸವಲ್ಲ, ಮುಂದಿನ ವರ್ಷ ಬಿಸಿಲು ಇಳಿದ ಮೇಲೆ ಒಂದು ಶುಕ್ರವಾರ ನಾನೇ ಸಮಾದ್ ತಂದುಕೊಡುತ್ತೇನೆ ಎಂದು ತಮ್ಮ ಹಿಂದಿಯಲ್ಲಿ ಹೇಳಿದರು. ನನ್ನ ಕಿವಿಗೆ ಬಿದ್ದದ್ದು ಸಮಾಧಾನ ಎಂದು. ಮನೆ ಮಾಲೀಕರು ಸಮಾಧಾನ ತಂದುಕೊಡುವ ಊರು ಎಷ್ಟು ಒಳ್ಳೆಯದು ಎಂದುಕೊಂಡೆ. ಸಮಾದ್ ಎಂದರೆ ಅರಬಿಯಲ್ಲಿ ಗೊಬ್ಬರ ಎಂದು ಆಮೇಲೆ ಇವರು ತಿಳಿಸಿದರು.

ಗೊಬ್ಬರದ ವಿಷಯದಲ್ಲಿ ನಾನು ಮೋಸ ಹೋದದ್ದು ಅದೇ ಮೊದಲಲ್ಲ. ಇಲ್ಲಿ ನನ್ನ ಅಮ್ಮನ ಕತೆ ಹೇಳಬೇಕು. ನಮ್ಮ ಮನೆ ಕಾಪುವಿನ ಕಡೆ, ಗದ್ದೆಗೂ ಕಡಲಿಗೂ ನಡುವೆ. ಮರಳು ಮಣ್ಣು, ತೆಂಗಿನ ಮರಗಳು. ಮಳೆ ಬಿಟ್ಟು, ಅಕ್ಟೋಬರ್ ಹೊತ್ತಿಗೆ ತುಳುವರ ಬೊಂತೆಲ್ ತಿಂಗಳು ಬಂದಾಗ ಅಮ್ಮ ತೆಂಗಿನ ಬುಡ ಬಿಡಿಸುತ್ತಿದ್ದರು. ಮರದ ಸುತ್ತ ಬಳೆಯ ಹಾಗೆ ಗುಂಡಿ ತೋಡಿ, ಸೊಪ್ಪು, ಬೂದಿ, ಉಪ್ಪು, ಅದರ ಮೇಲೆ ಒಣಗಿದ ಬೂತಾಯಿ ಮೀನು ಹಾಕಿ ಮಣ್ಣು ಮುಚ್ಚುವುದು. ಮೀನನ್ನು ಬುಡಕ್ಕೆ ಒತ್ತಿ ಹಾಕಿದರೆ ಬೈಗುಳ. ಬೇರಿನ ಬಾಯಿ ದೂರದಲ್ಲಿರುತ್ತದೆ, ಅಲ್ಲಿಗೆ ಹಾಕಬೇಕು ಎನ್ನುತ್ತಿದ್ದರು. ಮಕ್ಕಳಾದ ನಮಗೆ ಆ ಕೆಲಸವೆಂದರೆ ಅಸಹ್ಯ. ನಾಲ್ಕು ದಿನ ಕೈಯಿಂದ ವಾಸನೆ ಹೋಗುತ್ತಿರಲಿಲ್ಲ. ಶಾಲೆಯಲ್ಲಿ ಬೆಂಚಿನ ತುದಿಗೆ ಕೂರಿಸುತ್ತಿದ್ದರು. ಹಾಗಾಗಿ ಬುಟ್ಟಿ ಕಂಡರೆ ನಾನೂ ನನ್ನ ತಮ್ಮನೂ ಮಾಯ.

ಅಮ್ಮ ಅದಕ್ಕೊಂದು ಉಪಾಯ ಹುಡುಕಿದ್ದರು. ತುಳುವಿನಲ್ಲಿ ಗೊಬ್ಬರ ಎಂದರೆ ಗೊಬ್ಬರವೇ. ಆದರೆ 'ಗೊಬ್ಬರೆ' ಎಂದು ಕೊನೆಯಲ್ಲಿ ಸ್ವಲ್ಪ ತಿರುಗಿಸಿದರೆ ಆಡಲಿಕ್ಕೆ ಎಂದಾಗುತ್ತದೆ. ಅಮ್ಮ ತೋಟದಿಂದ, "ಗೊಬ್ಬರೆ ಬಲೆ" ಎಂದು ಎಳೆದು ಕೂಗುತ್ತಿದ್ದರು. ಆಡಲಿಕ್ಕೆ ಬನ್ನಿ ಎಂದು. ನಾವು ಚಪ್ಪಲಿಯನ್ನೂ ಹಾಕದೆ ಓಡುತ್ತಿದ್ದೆವು. ಹೋಗಿ ನೋಡಿದರೆ ಮೀನಿನ ಬುಟ್ಟಿ ಎದುರಿಗಿಟ್ಟುಕೊಂಡು ಅಮ್ಮ ನಿಂತಿರುತ್ತಿದ್ದರು. ಮೋಸ ಎಂದು ನಾವು ಅತ್ತರೆ, ನಿಮ್ಮ ಕಿವಿಯದ್ದೇ ತಪ್ಪು, ನಾನು ಗೊಬ್ಬರಕ್ಕೇ ಕರೆದದ್ದು ಎನ್ನುತ್ತಿದ್ದರು. ಮರುವರ್ಷ ಮತ್ತೆ ಅದೇ ಕೂಗು, ಮತ್ತೆ ಅದೇ ಓಟ. ಈಗ ಯೋಚಿಸಿದರೆ ನಮಗೂ ಗೊತ್ತಿತ್ತೋ ಏನೋ. ಅಷ್ಟು ಪ್ರೀತಿಯಿಂದ ಮೋಸ ಮಾಡಲು ಬೇರೆ ಯಾರೂ ಇರಲಿಲ್ಲವಲ್ಲ.

ಆ ಅಮ್ಮನ ಕೈಯಲ್ಲಿ ನನ್ನ ಮಗಳು ಸೌಮ್ಯಳನ್ನು ಬಿಟ್ಟು ನಾನು ಮಸ್ಕತ್ತಿಗೆ ಬಂದಿದ್ದೆ. ನನಗೂ ಒಂದು ಆಫೀಸಿನಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತ್ತು, ಮಗುವನ್ನು ನೋಡಿಕೊಳ್ಳಲು ಜನವಿರಲಿಲ್ಲ. ಗಲ್ಫಿನ ಮನೆಗಳಲ್ಲಿ ಇದು ಆಗ ಹೊಸದಲ್ಲ. ಒಂದು ವರ್ಷ ಎಂದು ಹೇಳಿದ್ದು ಮೂರಾಯಿತು. ಸೌಮ್ಯ ನನ್ನ ಅಮ್ಮನನ್ನೇ 'ಅಮ್ಮ' ಎಂದು ಕರೆಯುತ್ತಿದ್ದಳು. ನನ್ನ ತಮ್ಮ ನನ್ನನ್ನು ಅಕ್ಕ ಎನ್ನುತ್ತಿದ್ದುದರಿಂದ ನಾನು ಅವಳಿಗೂ 'ಅಕ್ಕ'ನಾದೆ. ರಜೆಯಲ್ಲಿ ಊರಿಗೆ ಹೋದಾಗ ಎಲ್ಲರೂ ಇದನ್ನು ಹೇಳಿ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಅವಳಿಗೆ ಐದು ವರ್ಷವಾದ ಮಳೆಗಾಲದಲ್ಲಿ ಅಮ್ಮ ತೀರಿಹೋದರು. ಜ್ವರವೆಂದು ಆಸ್ಪತ್ರೆಗೆ ಸೇರಿಸಿದ್ದು, ಮತ್ತೆ ಮನೆಗೆ ಬರಲಿಲ್ಲ. ಸೌಮ್ಯಳನ್ನು ಆ ದಿನಗಳಲ್ಲಿ ನೆರೆಮನೆಯವರು ತಮ್ಮಲ್ಲಿಟ್ಟುಕೊಂಡಿದ್ದರು. ಅಮ್ಮ ಎಲ್ಲಿ ಎಂದು ಅವಳು ಕೇಳಿದ್ದಕ್ಕೆ ಯಾರೋ ಹಿರಿಯರು, ಜೋರು ಮಳೆಯಲ್ಲವಾ, ಮಳೆ ಬಿಟ್ಟ ಮೇಲೆ ಬರುತ್ತಾರೆ ಎಂದುಬಿಟ್ಟಿದ್ದರು. ನಾನು ಹೋಗಿ ತಲುಪಿದಾಗ ಎಲ್ಲ ಮುಗಿದಿತ್ತು. ಮಗುವಿಗೆ ಈಗ ಹೇಳಬೇಡ, ಎಳೆಯ ಜೀವ ಎಂದು ಎಲ್ಲರೂ ಅಂದರು. ನನಗೂ ಹೇಳುವ ಧೈರ್ಯ ಇರಲಿಲ್ಲ. ಅವಳನ್ನು ಕರೆದುಕೊಂಡು ಮಸ್ಕತ್ತಿಗೆ ಬಂದೆ.

ಮಸ್ಕತ್ತಿನಲ್ಲಿ ಮಳೆ ಎಲ್ಲಿದೆ? ವಿಮಾನದಿಂದ ಇಳಿದ ಕೂಡಲೇ ಸೌಮ್ಯ ಆಕಾಶ ನೋಡಿದಳು. ಮನೆ ಸೇರಿದ ಮೇಲೆ ಬಾಗಿಲ ಹತ್ತಿರ ಕುಳಿತಳು. ಆ ಬೇಸಿಗೆಯೆಲ್ಲ ಅವಳು ಕುಳಿತದ್ದು ಅಲ್ಲಿಯೇ. ಹಟವಿಲ್ಲ, ಅಳುವಿಲ್ಲ. ಕೊಟ್ಟದ್ದರಲ್ಲಿ ಸ್ವಲ್ಪ ತಿನ್ನುತ್ತಿದ್ದಳು. ಕರೆದರೆ ಬರುತ್ತಿದ್ದಳು. ನೆಂಟರ ಮನೆಯಲ್ಲಿ ಮಕ್ಕಳು ಹೇಗೆ ಒಳ್ಳೆಯವರಾಗಿರುತ್ತಾರೋ ಹಾಗೆ ಒಳ್ಳೆಯವಳಾಗಿದ್ದಳು. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ. ಒಮ್ಮೆ ಇವರ ಬಳಿ, ಊರಿನಲ್ಲಿ ಇನ್ನೂ ಮಳೆಯಾ ಎಂದು ಕೇಳಿದಳಂತೆ. ಹೌದು, ಈ ಸಲ ತುಂಬ ಮಳೆ ಎಂದು ಇವರು ಹೇಳಿ, ಒಳಗೆ ಬಂದು ಮುಖ ತೊಳೆದುಕೊಂಡರು. ಈಗ ಹೇಳೋಣ, ಇನ್ನು ಸ್ವಲ್ಪ ಹೊಂದಿಕೊಳ್ಳಲಿ ಎಂದು ನಾವಿಬ್ಬರೂ ದಿನ ತಳ್ಳಿದೆವು.

ನಲ್ಲಿ ತಣ್ಣಗಾಯಿತು. ಹೇಳಿದ ಮಾತಿನಂತೆ ಒಂದು ಶುಕ್ರವಾರ ಬೆಳಿಗ್ಗೆ ಖಲ್ಫಾನರ ಪಿಕಪ್ ಬಂದು ನಿಂತಿತು. ಕೆಲವು ಗೋಣಿಯಲ್ಲಿ ಆಡಿನ ಹಿಕ್ಕೆ. ಉಳಿದವುಗಳಲ್ಲಿ ಬರ್ಕಾದ ಕಡಲದಂಡೆಯಲ್ಲಿ ಒಣಗಿಸಿದ ಬೂತಾಯಿ. ಅಲ್ಲಿನ ತೋಟದವರೂ ನಮ್ಮಂತೆಯೇ ಅದನ್ನು ಮರಗಳಿಗೆ ಹಾಕುತ್ತಾರೆಂದು ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ಇವರು ಒಂದು ಗೋಣಿಯ ಬಾಯಿ ಬಿಚ್ಚಿದರು. ಆ ವಾಸನೆ ಎದ್ದು ಅಂಗಳ ದಾಟಿ ಮನೆಯೊಳಗೆ ಹೋಯಿತು.

ಸೌಮ್ಯ ನಿದ್ದೆಯಿಂದೆದ್ದು ಬರಿಗಾಲಿನಲ್ಲಿ ಓಡಿ ಬಂದಳು. ಅವಳು ಓಡಿದ್ದನ್ನು ನಾನು ಮಸ್ಕತ್ತಿನಲ್ಲಿ ನೋಡಿದ್ದು ಅದೇ ಮೊದಲು. ಮುಖವೆಲ್ಲ ನಗು. "ಅಮ್ಮ ಬತ್ತೆರಾ?" ಎಂದು ಕೇಳಿದಳು. ಅಮ್ಮ ಬಂದರಾ ಎಂದು. ಉತ್ತರಕ್ಕೂ ಕಾಯದೆ ಪಿಕಪ್ಪಿನ ಸುತ್ತ ಹೋಗಿ ನೋಡಿದಳು, ಮುಂದಿನ ಸೀಟಿನಲ್ಲಿ ನೋಡಿದಳು, ಗೋಡೆಯ ಹಿಂದೆ ಹೋಗಿ ನೋಡಿದಳು. ಅವಳ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಒಣಬೂತಾಯಿಯ ಬುಟ್ಟಿ ಅಂಗಳಕ್ಕೆ ಬರುವುದು ಮಳೆ ಬಿಟ್ಟ ಮೇಲೆ. ಮಳೆ ಬಿಟ್ಟ ಮೇಲೆ ಅಮ್ಮ ಬರುತ್ತಾರೆ ಎಂದು ಹಿರಿಯರು ಹೇಳಿದ್ದರು. ಖಲ್ಫಾನರಿಗೆ ತುಳು ಗೊತ್ತಿಲ್ಲ. ಮಗು ಏನೋ ಕಳೆದುಕೊಂಡಿದೆಯೆಂದು ಅವರು, ಬಾಲ್, ಬಾಲ್ ಎನ್ನುತ್ತ ಗಾಡಿಯ ಮೇಲೆ ಹತ್ತಿ, ಉಳಿದ ಗೋಣಿಗಳನ್ನು ಒಂದೊಂದಾಗಿ ಸರಿಸಿ ಹುಡುಕತೊಡಗಿದರು.

ನಾನು ಮಣ್ಣಿನಲ್ಲಿಯೇ ಕುಳಿತು ಅವಳನ್ನು ಹತ್ತಿರ ಕರೆದೆ. ನಮ್ಮ ಮಾತು ತುಳುವಿನಲ್ಲಿ ನಡೆಯಿತು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅಮ್ಮ ಬರ್ಲಿಕ್ಕಿಲ್ಲ ಮಗಾ. ಅಮ್ಮ ತೀರಿಹೋದ್ರು."

"ಮಳೆ ಬಿಟ್ರೂ?"

"ಮಳೆ ಬಿಟ್ರೂ."

ಅವಳು ನನ್ನ ಮುಖವನ್ನೇ ನೋಡಿದಳು. ಸಾವು ಎಂದರೆ ಏನೆಂದು ಅವಳಿಗೆ ಗೊತ್ತಿತ್ತು. ಹಟ್ಟಿಯ ಕರು ಸತ್ತದ್ದನ್ನು ಅಮ್ಮನೇ ಅವಳಿಗೆ ತೋರಿಸಿ ಹೇಳಿದ್ದರಂತೆ. ಅಳುತ್ತಾಳೆ, ನನ್ನನ್ನು ಹೊಡೆಯುತ್ತಾಳೆ ಎಂದು ಕಾದೆ. ಅವಳು ಕೇಳಿದ್ದು ಬೇರೆಯೇ.

"ಹಾಗಾದ್ರೆ ತೆಂಗಿಗೆ ಗೊಬ್ಬರ ಯಾರು ಹಾಕುದು?"

ನನ್ನ ತಾಯಿ ಸತ್ತ ಮೇಲೆ ನಾನು ಸರಿಯಾಗಿ ಅತ್ತದ್ದು ಆಗಲೇ. ಊರಿನಲ್ಲಿ ಬಂದವರಿಗೆಲ್ಲ ಚಹಾ ಕೊಡುವುದರಲ್ಲಿ, ಮಗಳ ಪಾಸ್‌ಪೋರ್ಟಿಗೆ ಓಡಾಡುವುದರಲ್ಲಿ ಅಳುವುದಕ್ಕೆ ಪುರಸೊತ್ತು ಇರಲಿಲ್ಲ. ಖಲ್ಫಾನರ ಎದುರಿಗೆ, ಗೋಣಿಗಳ ಮಧ್ಯೆ ಕುಳಿತು ಅತ್ತೆ. ಇವರು ಅವರಿಗೆ ವಿಷಯ ತಿಳಿಸಿದರು. ಅವರು ಗಾಡಿಯಿಂದ ಇಳಿದು, ತೀರಿಹೋದವರಿಗಾಗಿ ಅರಬಿಯಲ್ಲಿ ಒಂದು ಮಾತು ಹೇಳಿ, ದೂರ ಹೋಗಿ ಗೋಡೆಯ ನೆರಳಿನಲ್ಲಿ ನಿಂತರು.

ನಾನು ಕಣ್ಣೊರೆಸಿಕೊಂಡು ನೋಡಿದಾಗ ಸೌಮ್ಯ ಅಂಗಳದಲ್ಲಿದ್ದ ಸಣ್ಣ ಹಾರೆಯನ್ನು ಎಳೆದುಕೊಂಡು ಲಾನಿನ ನಡುವೆ ಹೋಗಿದ್ದಳು. ಅಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಹುಲ್ಲು ಕಿತ್ತು ಮಣ್ಣು ತೋಡತೊಡಗಿದಳು, ಬಳೆಯ ಹಾಗೆ, ಸುತ್ತಲೂ. ಅವಳಿಗೆ ಗೊಬ್ಬರ ಹಾಕುವುದೆಂದರೆ ಬುಡ ಬಿಡಿಸುವುದು. ಲಾನಿಗೆ ಬುಡವಿಲ್ಲ, ಅದರ ಮೇಲೆ ಸುಮ್ಮನೆ ಪುಡಿ ಉದುರಿಸಬೇಕು ಎಂದು ಅವಳಿಗೆ ಯಾರು ಹೇಳಿದ್ದರು? ನಡುವೆ ಇಲ್ಲದ ಮರಕ್ಕೆ ಅವಳು ಅಳತೆ ಹಿಡಿದಂತೆ ದೂರ ಬಿಟ್ಟು ತೋಡುತ್ತಿದ್ದಳು. ಯೂರಿಯಾ ಸುಟ್ಟ ಮೇಲೆ ಇವರು ಒಂದೊಂದೇ ಚಿಗುರು ನೆಟ್ಟು ಮತ್ತೆ ಎಬ್ಬಿಸಿದ್ದ ಹುಲ್ಲು ಅದು. ಬೇಸಿಗೆಯಲ್ಲಿ ಗೀಸರಿನ ನೀರು ತಂದು ಹೊಯ್ದು ಉಳಿಸಿದ್ದರು. ನಾನು ಇವರ ಮುಖ ನೋಡಿದೆ. ಇವರು ಚಪ್ಪಲಿ ಬದಿಗೆ ಬಿಟ್ಟು, ಲುಂಗಿ ಎತ್ತಿ ಕಟ್ಟಿ, ದೊಡ್ಡ ಹಾರೆ ತಂದು ಮಗಳ ಎದುರು ಬದಿಯಿಂದ ತೋಡಲು ನಿಂತರು. ಇಷ್ಟು ಆಳ ಸಾಕಾ ಎಂದು ಅವಳನ್ನೇ ಕೇಳಿದರು. ಸಾಲದು ಎಂದಳು.

ಗುಂಡಿಗೆ ಬಸಳೆಯ ಒಣಬಳ್ಳಿ ಹಾಕಿದೆವು. ಸೌಮ್ಯ ಗೋಣಿಯಿಂದ ಕೈತುಂಬ ಮೀನು ತಂದು ಪಕ್ಕದಲ್ಲಿ ಗುಡ್ಡೆ ಹಾಕಿದಳು. ಉಪ್ಪು ಬೇಕು ಎಂದಳು, ಅಡುಗೆಮನೆಯಿಂದ ತಂದುಕೊಟ್ಟೆ. ಬೂದಿ ಕೇಳಿದಳು. ಗ್ಯಾಸಿನ ಒಲೆಯ ಮನೆಯಲ್ಲಿ ಬೂದಿ ಎಲ್ಲಿಂದ? ಇಲ್ಲ ಎಂದೆ. ಅದೊಂದಕ್ಕೆ ಅವಳು ಅತ್ತಳು. ಬೂದಿಯಿಲ್ಲ, ಬೂದಿಯಿಲ್ಲ ಎಂದು ಬಿಕ್ಕಿ ಬಿಕ್ಕಿ, ಇಡೀ ಬೇಸಿಗೆಯ ಅಳುವನ್ನು ಅತ್ತಳು. ನಾನು ಎತ್ತಿಕೊಂಡಾಗ ಮೊದಲ ಸಲ ನನ್ನ ಕುತ್ತಿಗೆಗೆ ಕೈ ಹಾಕಿದಳು. ಆ ಕೈಯಲ್ಲಿ ಮೀನಿನ ವಾಸನೆಯಿತ್ತು. ನನ್ನ ಅಮ್ಮನ ಕೈಯ ವಾಸನೆಯೂ ಅದೇ.

ಅಷ್ಟರಲ್ಲಿ ಪಕ್ಕದ ಕಟ್ಟಡದ ಲಿಲ್ಲಿಬಾಯಿ ಗೇಟಿನಲ್ಲಿ ನಿಂತಿದ್ದರು. ಮಂಗಳೂರಿನವರು, ಮನೆಯಲ್ಲಿ ಕೊಂಕಣಿ, ನಮ್ಮೊಡನೆ ಕನ್ನಡ. ಕೈಯಲ್ಲೊಂದು ಪ್ಲೇಟು. "ನೀವು ಒಣಮೀನು ಸುಡ್ತಾ ಇದ್ದೀರಿ ಅಂತ ಎಣಿಸಿದ್ದು ನಾನು. ಪ್ಲೇಟು ಹಿಡ್ಕೊಂಡೇ ಬಂದೆ ಮಾರಾಯ್ರೆ" ಎಂದು ನಗುತ್ತ ಒಳಗೆ ಬಂದವರು ನಮ್ಮ ಮುಖ ನೋಡಿ ನಿಂತರು. ವಿಷಯ ಕೇಳಿ ಹಿಂದಿರುಗಿದರು. ಮಧ್ಯಾಹ್ನ ಅದೇ ಪ್ಲೇಟಿನಲ್ಲಿ ತಮ್ಮ ಮನೆಯ ಒಣಮೀನು ಸುಟ್ಟು, ತೆಂಗಿನೆಣ್ಣೆ ಸವರಿ ತಂದರು. ಸೌಮ್ಯ ಅದನ್ನು ನಂಜಿಕೊಂಡು ಗಂಜಿ ಉಂಡಳು. ಬಟ್ಟಲು ಖಾಲಿ ಮಾಡಿ ಮತ್ತೆ ಕೇಳಿದಳು.

ಆ ಚಳಿಗಾಲದಲ್ಲಿ ನಮ್ಮ ಲಾನ್ ನೋಡುವಂತಿತ್ತು. ಸುತ್ತಲೂ ಸಾಧಾರಣ ಹಸಿರು, ನಡುವೆ ಬಳೆಯ ಆಕಾರದಲ್ಲಿ ಕಪ್ಪಿಗೆ ತಿರುಗಿದ ದಟ್ಟ ಹಸಿರು. ಜ್ಯೂಸು ಕೊಟ್ಟಿದ್ದ ಮ್ಯಾನೇಜರರು ಒಮ್ಮೆ ಮನೆಗೆ ಬಂದಾಗ, ಇದೇನು ಡಿಸೈನು ಎಂದು ಕೇಳಿದರು. ಇವರು, ನಮ್ಮ ಊರಿನ ಕಡೆಯ ಪದ್ಧತಿ ಸಾರ್ ಎಂದರು. ಆಮೇಲೆ ಪ್ರತಿ ವರ್ಷ ನಲ್ಲಿ ತಣ್ಣಗಾದ ಮೇಲಿನ ಒಂದು ಶುಕ್ರವಾರ ಬರ್ಕಾದ ಗೋಣಿ ಬರುತ್ತಿತ್ತು, ಲಾನಿನ ನಡುವೆ ಅದೇ ಬಳೆ ತೋಡುತ್ತಿದ್ದೆವು. ಬೂದಿಗಾಗಿ ಖಲ್ಫಾನರು ತೋಟದ ಒಲೆಯಿಂದ ಒಂದು ಡಬ್ಬ ತುಂಬಿಸಿ ತರುವುದನ್ನು ಮರೆಯುತ್ತಿರಲಿಲ್ಲ. ಲಾನ್ ಹಾಳಾಗುವುದರ ಬಗ್ಗೆ ಇವರು ಒಂದು ದಿನವೂ ಮಾತಾಡಲಿಲ್ಲ. ಮದುವೆಯಾದ ಗಂಡನನ್ನು ಮೆಚ್ಚಿಕೊಳ್ಳಲು ಹೆಂಡತಿಗೆ ಇಂಥ ಕಾರಣಗಳು ಒಂದೆರಡಾದರೂ ಇರಬೇಕು.

ಆ ದಿನದ ಮೇಲೆ ಅವಳು ನನ್ನನ್ನು ಅಮ್ಮ ಎಂದು ಕರೆಯತೊಡಗಿದಳು ಎಂದು ಬರೆದರೆ ನಿಮಗೆ ಸಂತೋಷವಾಗಬಹುದು. ಹಾಗೇನೂ ಆಗಲಿಲ್ಲ. ಇವತ್ತಿಗೂ ನಾನು ಅವಳಿಗೆ ಅಕ್ಕನೇ. ಹೊಸಬರು ನಮ್ಮನ್ನು ಅಕ್ಕತಂಗಿಯರೆಂದು ತಿಳಿದರೆ ನಾನು ತಿದ್ದಲು ಹೋಗುವುದಿಲ್ಲ, ಅದರಲ್ಲಿ ನನಗೆ ನಷ್ಟವಿಲ್ಲ. ಅಮ್ಮ ಎಂಬ ಹೆಸರು ಯಾರಿಗೆ ಸೇರಬೇಕೋ ಅವರಿಗೆ ಸೇರಿದೆ ಎಂದು ನನಗೆ ನಿಜವಾಗಿಯೂ ಅನ್ನಿಸುತ್ತದೆ.

ತೊಂಬತ್ತರ ದಶಕ ಬಂತು. ಸೌಮ್ಯ ಇಂಡಿಯನ್ ಸ್ಕೂಲಿನಲ್ಲಿ ದೊಡ್ಡ ಕ್ಲಾಸಿಗೆ ಬಂದಳು. ನಾವು ತುಳುವಿನಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಬರುತ್ತಿತ್ತು. ಗೊಬ್ಬರದ ಶುಕ್ರವಾರ ಮೂಗು ಮುಚ್ಚಿಕೊಂಡು ಬರುತ್ತಿದ್ದಳು, ಬರುವುದನ್ನು ಮಾತ್ರ ತಪ್ಪಿಸುತ್ತಿರಲಿಲ್ಲ. ಊರು, ತೆಂಗು, ಅಮ್ಮ ಎಲ್ಲ ಅವಳಿಗೆ ಮರೆತುಹೋಗಿರಬೇಕು, ಉಳಿದದ್ದು ಅಭ್ಯಾಸ ಮಾತ್ರ ಎಂದು ನಾನು ಅಂದುಕೊಂಡಿದ್ದೆ. ಕೇಳಿ ನೋಡುವ ಮನಸ್ಸು ಬರಲಿಲ್ಲ. ಹೌದು ಎಂದುಬಿಟ್ಟರೆ ನಾನು ಅಮ್ಮನನ್ನು ನೆನಪಿಸಿಕೊಳ್ಳಲು ಒಬ್ಬಳೇ ಉಳಿಯುತ್ತಿದ್ದೆ.

ಅಂಥ ಒಂದು ಶುಕ್ರವಾರ ನಾನು ಅಡುಗೆಮನೆಯಲ್ಲಿ ಮಸಾಲೆ ಅರೆಯುತ್ತಿದ್ದೆ. ಗೋಣಿ ಬಂದು ಬಿದ್ದ ಸದ್ದು ಕೇಳಿತ್ತು, ಕಿಟಕಿಯಿಂದ ವಾಸನೆ ಬರುತ್ತಿತ್ತು. ಈ ಸಲ ನೀವೇ ಮಾಡಿಕೊಳ್ಳಿ, ನನ್ನ ಸೊಂಟಕ್ಕಾಗುವುದಿಲ್ಲ ಎಂದು ಮೊದಲೇ ಹೇಳಿಟ್ಟಿದ್ದೆ. ಆಗ ಅಂಗಳದಿಂದ ಒಂದು ಕೂಗು ಬಂತು.

"ಗೊಬ್ಬರೆ ಬಲೆ."

ಕೊನೆಯಲ್ಲಿ ಅದೇ ಎಳೆತ, ಅದೇ ತಿರುವು. ಅಮ್ಮನ ಆ ಉಪಾಯದ ಕತೆಯನ್ನು ನಾನು ಮಗಳಿಗೆ ಯಾವತ್ತೂ ಹೇಳಿರಲಿಲ್ಲ. ಅಮ್ಮ ಅವಳನ್ನೂ ಹಾಗೆಯೇ ಕರೆಯುತ್ತಿದ್ದರೆಂದು ನನಗೆ ಗೊತ್ತೂ ಇರಲಿಲ್ಲ. ನಾನು ಮಸಾಲೆಯ ಕೈಯಲ್ಲೇ ಎದ್ದು, ಚಪ್ಪಲಿಯನ್ನೂ ಹಾಕದೆ ಅಂಗಳಕ್ಕೆ ಓಡಿದೆ, ಹೋಗಿ ಪಿಕಪ್ಪಿನ ಆಚೆ ಬದಿಯನ್ನೂ ನೋಡಿದೆ. ಬುಟ್ಟಿ ಹಿಡಿದುಕೊಂಡು ಸೌಮ್ಯ ನಿಂತಿದ್ದಳು. ಏನು ಹುಡುಕುತ್ತಿದ್ದೀ ಎಂದು ಅವಳು ಕೇಳಲಿಲ್ಲ. ಬುಟ್ಟಿಯನ್ನು ಕೆಳಗಿಟ್ಟು, ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡಳು.